ಅನುಸೂಯಾಗೆ ಮುಪ್ಪು ಬಂದದ್ದು ಯಾವಾಗ?

ನೆಲಕ್ಕೆ ಹಾಸಿದ ಫರ್ಶಿ ಕಲ್ಲಿನ ಸಂದಿಗೆ ಬಿಳಿ ಸಿಮೆಂಟು ತುಂಬುವುದು ಅನುಸೂಯಾಳ ಕೆಲಸ. ಯಾದಗಿರಿ ಕಡೆಯಿಂದ ಪುಣೆಗೆ ಬಂದಾಗಿನಿಂದ ಅದೇ ಕೆಲಸ. ಆದರೆ ವಾಕಡದ ಈ ಹೊಸ ಬಿಲ್ಡಿಂಗಿನಲ್ಲಿ ಸಿಮೆಂಟು ಸಂದಿ ಬಿಟ್ಟು ಆಚೀಚೆ ಬೀಳತೊಡಗಿತ್ತು.

ಮೇಸ್ತ್ರಿ ಬಸವಲಿಂಗ ನೋಡಿ ತಲೆ ಕೊಡವಿದ. "ಅನುಸೂಯವ್ವ, ನಿಂಗ ವಯಸ್ಸಾತು. ಸೋಮವಾರದಿಂದ ಈ ಕೆಲಸ ಬ್ಯಾಡ, ಇಟ್ಟಂಗಿ ಹೊರು."

"ವಯಸ್ಸಾದವ್ರಿಗಿ ಇಟ್ಟಂಗಿ ಹಗರ ಆಗ್ತಾವೇನ್ರಿ?"

ಬಸವಲಿಂಗ ಮುಂದಿನ ಕೋಣೆಗೆ ನಡೆದ.

ಸಂಜೆ ತಾವಿರುವ ತಗಡಿನ ಪತ್ರಾ ಶೆಡ್ಡಿನ ಮುಂದೆ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತರೂ ಆ ಮಾತು ತಲೆಯಿಂದ ಇಳಿಯಲಿಲ್ಲ. ಕೈಹಿಡಿದ ಕೆಲಸ ಹೋಗುವುದೊಂದು ಸಂಕಟ. ಅದರ ಜೊತೆ ಒಂದು ಕುತೂಹಲವೂ ಹತ್ತಿತು. ನಿನ್ನೆ ಇಲ್ಲದ ಮುಪ್ಪು ಇವತ್ತು ಬಂದದ್ದು ಹೇಗೆ?

"ಏನ್ರಿ, ಮನಶ್ಯಾಗ ಮುಪ್ಪು ಬರೂದು ಯಾವಾಗ?" ಎಂದು ಗಂಡ ಅವ್ವಣ್ಣನನ್ನು ಕೇಳಿದಳು.

"ಮೊಮ್ಮಗ ಹುಟ್ಟಿದ ದಿನ."

"ಹಂಗಂದ್ರ ನೀವೂ ಮುದುಕ್ರು."

"ಗಂಡಸರಿಗಿ ಆ ಮಾತು ಹತ್ತಂಗಿಲ್ಲ."

ಪಕ್ಕದ ಶೆಡ್ಡಿನ ಅವ್ವಮ್ಮ ನಕ್ಕಳು. "ನಮ್ಮತ್ತಿ ಎಪ್ಪತ್ತಾದ್ರೂ ಮುದುಕಿ ಆಗಿರಲಿಲ್ಲ ನೋಡವ್ವ. ಸೊಸಿ ಎದುರು ಮಾತಾಡಿದ ದಿನ ಒಮ್ಮಿಗೇ ಆದ್ಲು!"

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಸುಮಂಗಲಾ ಬಂದಳು. ಕಲಬುರಗಿಯವಳು, ಶೆಡ್ಡಿನವರಿಗೆಲ್ಲ ಗುರುತು.

"ಅನುಸೂಯಕ್ಕ, ಅಕ್ಕಿ ಮರ ಅಷ್ಟು ದೂರ ಯಾಕ ಹಿಡದೀರಿ?"

"ಹತ್ರ ತಂದ್ರ ಕಲ್ಲು ಹಳ್ಳು ಕಾಣಂಗಿಲ್ರಿ. ದೂರಿಂದು ಚಂದ ಕಾಣ್ತದ. ಆ ಕ್ರೇನಿನ ಮ್ಯಾಲ ಕೂತ ಕಾಗಿ ಭೀ ಕಾಣ್ತದ."

"ವಯಸ್ಸೆಷ್ಟು?"

"ಯಾರಿಗೊತ್ರಿ! ಹನ್ನೊಂದು ಬಿಲ್ಡಿಂಗ್ ಕಟ್ಟೀನಿ. ಆಧಾರ ಕಾರ್ಡಿನಾಗ ನಲವತ್ನಾಕು ಅದ ಅಂತಾರ."

"ಇದು ಚಾಳೀಸ್ರಿ ಅಕ್ಕಾ. ನಲವತ್ತರ ಆಜುಬಾಜು ಎಲ್ಲರಿಗೂ ಹತ್ತಿರದ್ದು ಮಬ್ಬಾಗ್ತದ. ಐತಾರ ದವಾಖಾನ್ಯಾಗ ಪುಕಟ ಕಣ್ಣು ನೋಡ್ತಾರ, ಬರ್ರಿ."

ಅವ್ವಣ್ಣ ಮುಖ ಸಿಂಡರಿಸಿದ. "ಚಷ್ಮಾ ಹಾಕ್ಕೊಂಡು ಸಿಮೆಂಟ ಹಚ್ಚೂದಾ? ಚಷ್ಮಾ ಬಂತಂದ್ರ ಪೂರಾ ಮುದುಕಿ ಅಂತ ಹಣಿ ಮ್ಯಾಲ ಸಿಕ್ಕಾ ಹೊಡದಂಗ."

ಸುಮಂಗಲಾ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡಳು. "ಹಂಗಾರ ನಾ ಮುದುಕಿ ಏನಣ್ಣ?"

ಅವ್ವಣ್ಣ ಚಪ್ಪಲಿ ಹುಡುಕತೊಡಗಿದ.

ಭಾನುವಾರ ದವಾಖಾನೆಯಲ್ಲಿ ಡಾಕ್ಟರು ಅನುಸೂಯಾಳ ಮೂಗಿನ ಮೇಲೆ ಒಂದು ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ ಹೋದರು. ಮೂರನೆಯ ಗಾಜಿಗೆ ಅವಳು ತನ್ನ ಅಂಗೈ ನೋಡಿಕೊಂಡಳು.

"ಅಯ್ಯ ನಮ್ಮವ್ವ! ಈ ಗೆರಿ ಎಲ್ಲಾ ಎಲ್ಲಿದ್ವು?" ಉಗುರಿನ ಬುಡದ ಬಿಳಿ ಸಿಮೆಂಟೂ ಕಂಡಿತು. ಜೊತೆಗೆ ಬಂದು ಹತ್ತಿರ ಬಗ್ಗಿದ್ದ ಗಂಡನ ಮುಖ ನೋಡಿದಳು. "ಏನ್ರಿ, ನಿಮ್ಮ ಮೀಸಿ ಇಷ್ಟು ಬೆಳ್ಳಗ ಯಾವಾಗ ಆತು?"

ಅವ್ವಣ್ಣ ಮೀಸೆ ಮುಚ್ಚಿಕೊಂಡ. ಸುಮಂಗಲಾ ನಕ್ಕೂ ನಕ್ಕೂ ಗೋಡೆ ಹಿಡಿದಳು. ಸ್ವಲ್ಪ ಹೊತ್ತಿಗೆ ಅವನೂ ಕುರ್ಚಿಯ ಮೇಲೆ ಕೂತ. "ಬಂದದ್ದು ಬಂದೀವಿ. ನನ್ನವೂ ನೋಡ್ರಿ."

ಸೋಮವಾರ ಅನುಸೂಯಾ ಮೇಸ್ತ್ರಿಯ ಹತ್ತಿರ ಒಂದೇ ಒಂದು ಕೋಣೆ ಕೇಳಿಕೊಂಡು, ದವಾಖಾನೆಯಲ್ಲೇ ಕೊಟ್ಟ ಕನ್ನಡಕ ಹಾಕಿಕೊಂಡು ಮುಗಿಸಿದಳು. ಬಸವಲಿಂಗ ಸಂದಿಯ ಮೇಲೆ ಬೆರಳು ಎಳೆದ. ಮತ್ತೆ ಎಳೆದ. "ನಾಳಿಂದ ಮ್ಯಾಲಿನ ಮಾಳಿಗಿ ಬಾತ್‌ರೂಮೆಲ್ಲ ನಿಂದೇ ಅವ್ವ. ಇಟ್ಟಂಗಿಗಿ ಬ್ಯಾರೆಯವ್ರು ಬರ್ತಾರ."

ಅಕ್ಕಂದಿರೇ, ಅಣ್ಣಂದಿರೇ, ನೀವು ಮೊಬೈಲನ್ನು ಕೈಚಾಚಿ ಹಿಡಿದು ನೋಡುತ್ತೀರಾ? ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆಯುತ್ತೀರಾ? ವಯಸ್ಸಾಯಿತು ಎಂದು ಸುಮ್ಮನೆ ಕೂರಬೇಡಿ. ನಲವತ್ತು ದಾಟಿದವರು ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಕಣ್ಣು ತೋರಿಸಿ. ದೂರದ್ದೂ ಮಸುಕಾಗಿದ್ದರೆ ತಡಮಾಡಲೇಬೇಡಿ. ಮತ್ತೆ, ಯಾರನ್ನಾದರೂ ಮುದುಕಿ ಎಂದು ಕೆಲಸದಿಂದ ಎಬ್ಬಿಸುವ ಮೊದಲು, ಅವಳಿಗೆ ಕಣ್ಣು ಕಾಣುತ್ತದೋ ಇಲ್ಲವೋ, ಅಷ್ಟು ಕೇಳಿ ನೋಡಿ.