ಸಿಗ್ನಲ್ ಯಾರು ಕೊಡಬೇಕು

ದ್ವೀಪಕ್ಕೆ ಬಂದು ಮೂರು ದಿನವಾಗಿತ್ತು, ನಾಳೆ ಬೆಳಿಗ್ಗೆ ವಾಪಸು ಹಡಗು, ಗಾರ್ಡ್ ಸಾಹೇಬರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕಳೆದ ತಿಂಗಳು ಅವರಿಗೆ ರೈಲಿನ ಗಾರ್ಡ್ ಕೆಲಸದಿಂದ ನಿವೃತ್ತಿಯಾಗಿತ್ತು. ಸೋಮವಾರ ರೈಲ್ವೆ ಕ್ವಾರ್ಟರ್ಸ್ ಖಾಲಿ ಮಾಡಿ ಅಣ್ಣನ ಊರಿಗೆ ಹೊರಡುವವರು. ಅದು ನಮ್ಮೂರಿನಿಂದ ಒಂದು ಇಡೀ ಹಗಲಿನ ದಾರಿ. ನನ್ನನ್ನು ಮದುವೆಯಾಗುತ್ತೀರಾ ಎಂದು ಇವತ್ತು ಕೇಳದಿದ್ದರೆ ಆ ಮನುಷ್ಯ ಇನ್ನು ಯಾವ ಜನ್ಮದಲ್ಲೂ ಕೇಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಅವರಿಗೆ ನನ್ನ ಮೇಲೆ ಮನಸ್ಸಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ನಾನು ದರ್ಜಿ. ಎರಡು ವರ್ಷದಿಂದ ವಾರಕ್ಕೊಂದು ಅಂಗಿ ಹಿಡಿದು ಬಂದು, ಗುಂಡಿ ಕಿತ್ತುಹೋಗಿದೆ ಎನ್ನುತ್ತಿದ್ದರು. ನಿಜವಾಗಿ ಕಿತ್ತುಹೋದ ಗುಂಡಿಯ ಜಾಗದಲ್ಲಿ ಬಟ್ಟೆ ಜಗ್ಗಿ, ದಾರ ಎಳೆಎಳೆಯಾಗಿರುತ್ತದೆ. ಇವರದೆಲ್ಲ ಬ್ಲೇಡಿನಲ್ಲಿ ಕೊಯ್ದ ನೀಟಾದ ದಾರ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಹೊಲಿದು ಕೊಟ್ಟೆ. ಐವತ್ತೆರಡು ವರ್ಷ ಮದುವೆಯ ಗೊಡವೆಗೇ ಹೋಗದಿದ್ದ ನಾನು ಸೂಜಿಗೆ ದಾರ ಪೋಣಿಸುತ್ತಾ ಗುನುಗುವುದನ್ನು ಕಂಡು ತಂಗಿಗೆ ಎಲ್ಲ ಅರ್ಥವಾಯಿತು. ಈ ಪ್ರವಾಸ ಅವಳದೇ ಕಿತಾಪತಿ. ನಮ್ಮಿಬ್ಬರನ್ನೇ ಕಳಿಸಿದರೆ ನಾಲ್ಕು ಜನ ನಾಲ್ಕು ಥರ ಮಾತಾಡುತ್ತಾರೆಂದು ತಾನೂ ಗಂಟುಬಿದ್ದಳು.

ಕೊನೆಯ ದಿನಕ್ಕೆ ಅವಳು ಹುಡುಕಿಟ್ಟಿದ್ದು ದ್ವೀಪದ ಹಳೇ ರೈಲುದಾರಿ. ರೈಲು ನಿಂತು ನಲವತ್ತು ವರ್ಷವಾದರೂ ಹಳಿ ಹಾಗೇ ಇತ್ತು. ಸಮುದ್ರದ ಪಕ್ಕದಲ್ಲೇ ಎಂಟು ಕಿಲೋಮೀಟರ್ ನಡೆದರೆ ಕೊನೆಯ ಸ್ಟೇಷನ್. ಹಳಿ ಕಂಡರೆ ಗಾರ್ಡ್ ಸಾಹೇಬರ ಬಾಯಿ ತಾನಾಗಿ ಬಿಚ್ಚುತ್ತದೆ ಎಂಬುದು ತಂಗಿಯ ಲೆಕ್ಕಾಚಾರ.

ಬಾಯೇನೋ ಬಿಚ್ಚಿತು, ಬಂದದ್ದು ಬರೀ ರೈಲು. ಹಳಿಯ ನಡುವೆ ಜಲ್ಲಿ ಯಾಕೆ ಹಾಕುತ್ತಾರೆ, ತಿರುವಿನಲ್ಲಿ ಒಂದು ಹಳಿ ಯಾಕೆ ಎತ್ತರ. ಅದೂ ನಮ್ಮ ಬೆನ್ನ ಹಿಂದಿನಿಂದ. ಎಷ್ಟು ಕರೆದರೂ ಪಕ್ಕಕ್ಕೆ ಬರಲೊಲ್ಲರು. ಮೂವತ್ತೊಂದು ವರ್ಷ ಕೊನೆಯ ಡಬ್ಬಿಯಲ್ಲಿ ಕೂತು ಅಭ್ಯಾಸವಂತೆ, ಎಲ್ಲರೂ ಮುಂದಿದ್ದರೇ ಸಮಾಧಾನವಂತೆ.

ನನಗೆ ಸಿಟ್ಟು ಬರಬೇಕಿತ್ತು, ಆದರೆ ಆ ಗಾಳಿ, ಆ ಬಿಸಿಲು, ಏನಾಯಿತೋ ಏನೋ, ಕಾಲು ನಿಲ್ಲಲೇ ಇಲ್ಲ. ಹಳಿಯ ಕೆಳಗೆ ಅಡ್ಡ ಹಾಕಿದ ಸ್ಲೀಪರುಗಳ ಮೇಲೆ ಒಂದೊಂದಾಗಿ ಕಾಲಿಟ್ಟರೆ ಹೆಜ್ಜೆ ತೀರಾ ಗಿಡ್ಡ, ಒಂದು ಬಿಟ್ಟು ಒಂದಕ್ಕೆ ಇಟ್ಟರೆ ತೀರಾ ಉದ್ದ. ಹಾಗಾಗಿ ನನ್ನ ಎಪ್ಪತ್ತೆರಡು ಕಿಲೋ ಹೊತ್ತುಕೊಂಡು ಕುಪ್ಪಳಿಸತೊಡಗಿದೆ. ಆಮೇಲೆ ಹಳಿಯ ಮೇಲೆ ಕೈ ಚಾಚಿ ಹನ್ನೊಂದು ಹೆಜ್ಜೆ ನಡೆದು ತಂಗಿಯ ಮೇಲೆ ಬಿದ್ದೆ. ಗಾಳಿ ಅವಳ ಟೋಪಿಯನ್ನು ಸಮುದ್ರಕ್ಕೆ ಒಯ್ದಿತು, ಅದಕ್ಕೂ ಬಿದ್ದು ಬಿದ್ದು ನಕ್ಕೆವು. ಪ್ರತಿ ಮೈಲಿಗಲ್ಲು ಕಂಡಾಗ ಮಾತ್ರ ದಾರಿ ಮುಗಿಯುತ್ತಿದೆಯಲ್ಲ ಎಂದು ಎದೆ ಧಸಕ್ಕೆನ್ನುತ್ತಿತ್ತು.

ಕೊನೆಯ ಸ್ಟೇಷನ್ ಬಂದೇಬಿಟ್ಟಿತು. ಪ್ಲಾಟ್‌ಫಾರಂ ತುಂಬ ಹುಲ್ಲು, ತುದಿಯಲ್ಲಿ ತುಕ್ಕು ಹಿಡಿದ ಸಿಗ್ನಲ್ ಕಂಬ, ಅದರಾಚೆ ನೀರು. ನನ್ನ ತಾಳ್ಮೆಯೂ ಅಲ್ಲಿಗೇ ಮುಗಿಯಿತು. ಗಾರ್ಡ್ ಹಸಿರು ಬಾವುಟ ತೋರಿಸದೆ ಗಾಡಿ ಹೊರಡುತ್ತದೆಯೇ ಎಂದು ತಿರುಗಿ ನಿಂತು ಕೇಳಿದೆ. ಸಾಧ್ಯವೇ ಇಲ್ಲ ಎಂದರು.

"ಮತ್ತೆ ಎರಡು ವರ್ಷದಿಂದ ನಿಮ್ಮ ಬಾವುಟ ಎಲ್ಲಿ ಮಡಚಿ ಇಟ್ಕೊಂಡಿದ್ದೀರಿ?"

ಅವರ ಮುಖ ಕೆಂಪಾಯಿತು. ಕೆಲಸದಲ್ಲಿ ವರದಿ ಒಪ್ಪಿಸುವವರಷ್ಟು ಗಂಭೀರವಾಗಿ ಹೇಳಿದರು:

"ಸಿಗ್ನಲ್ ಆಗದೆ ನಾನು ಬಾವುಟ ಎತ್ತೋ ಹಾಗಿಲ್ಲ. ಸಿಗ್ನಲ್ ಸ್ಟೇಷನ್ನಿನವರು ಕೊಡಬೇಕು. ನೀವು ಬರೀ ಗುಂಡಿ ಹೊಲಿದು ಕೊಟ್ರಿ."

ತಂಗಿ ತಲೆಯ ಮೇಲೆ ಕೈಹೊತ್ತು ಪ್ಲಾಟ್‌ಫಾರಂ ಮೇಲೆ ಕೂತುಬಿಟ್ಟಳು. ಎರಡು ವರ್ಷ ಅವರು ನನ್ನ ದಾರಿ ಕಾದರು, ನಾನು ಅವರದು. ನನಗೆ ನಾಚಿಕೆಯೂ ಆಯಿತು, ಹುಚ್ಚು ಖುಷಿಯೂ ಆಯಿತು. ಓಡಿಹೋಗಿ ಕಂಬದ ಬುಡದಲ್ಲಿದ್ದ, ಸಿಗ್ನಲ್ ಇಳಿಸುವ ಸನ್ನೆಕೋಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಅಲುಗಲಿಲ್ಲ. ತಂಗಿ ಬಂದು ನನ್ನ ಸೊಂಟ ಹಿಡಿದು ಜಗ್ಗಿದಳು. ತುಕ್ಕು ಹಿಡಿದ ಸನ್ನೆಕೋಲು ಬುಡಸಮೇತ ಕಳಚಿ ನಾವಿಬ್ಬರೂ ಹುಲ್ಲಿನ ಮೇಲೆ ಅಂಗಾತ ಬಿದ್ದೆವು. ಕಂಬದ ತುದಿಯ ಸಿಗ್ನಲ್ ಕೈ ಒಂದಿಂಚೂ ಕದಲಿರಲಿಲ್ಲ.

ಗಾರ್ಡ್ ಸಾಹೇಬರು ಓಡಿಬಂದು ನನ್ನನ್ನು ಎಬ್ಬಿಸಿದರು. ನಗು ತಡೆಯಲಾರದೆ, ಈಗ ಸಿಗ್ನಲ್ ಆಯಿತೇ ಎಂದು ಕೇಳಿದೆ. ಆಯಿತು ಎಂದರು. ಹಿಡಿದ ಕೈ ಬಿಡಲಿಲ್ಲ.

"ಮೂವತ್ತೊಂದು ವರ್ಷ ಎಲ್ಲಾ ಊರೂ ಹಿಂದಕ್ಕೆ ಹೋಗೋದನ್ನೇ ನೋಡಿದ್ದೀನಿ. ಇನ್ನು ಒಂದು ಕಡೆ ಇಳೀಬೇಕು ಅನ್ಸುತ್ತೆ. ನಿಮ್ಮ ಮನೇಲಿ ಇಳಿದ್ರೆ ಆಗುತ್ತಾ?"

ಈ ಗಳಿಗೆಗೆಂದು ಎರಡು ವರ್ಷದಿಂದ ಎಷ್ಟೋ ಚೆಂದದ ಉತ್ತರ ಹೊಂದಿಸಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ.

"ಇಳೀರಿ," ಅಂದೆ.