ವಾನ್‌ಸಾಮಳ ಬಾಣಂತನ

ಸೊಸೆಗೆ ಏಳು ತಿಂಗಳು ತುಂಬುವ ಹೊತ್ತಿಗೆ ಅತ್ತೆಯಾದವಳು ಶುಂಠಿ ಮಡಕೆಯನ್ನು ಒಲೆಗೇರಿಸಬೇಕು. ದಕ್ಷಿಣ ಚೀನಾದ ನಮ್ಮ ಶುನ್‌ತಕ್ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಬಲಿತ ಶುಂಠಿಯ ಸಿಪ್ಪೆ ಕೆರೆದು, ಜಜ್ಜಿ, ನೀರಿನ ಪಸೆ ಆರುವವರೆಗೆ ಒಣ ಬಾಣಲೆಯಲ್ಲಿ ಹುರಿದು, ಮೇಲೆ ಸಿಹಿಯಾದ ಕರಿ ವಿನೆಗರ್ ಹುಯ್ಯುವುದು. ಒಂದು ಕುದಿ ಬಂದರೆ ಇಳಿಸಿ ಮುಚ್ಚಿಡುವುದು, ಮರುದಿನ ಮತ್ತೆ ಒಂದು ಕುದಿ. ಹೆರಿಗೆಯಾಗುವ ಹೊತ್ತಿಗೆ ಶುಂಠಿ ಬೆಣ್ಣೆಯ ಹಾಗೆ ಆಗಿರುತ್ತದೆ. ಆಮೇಲೆ ಅದಕ್ಕೆ ಹಂದಿಕಾಲು, ಬೇಯಿಸಿದ ಮೊಟ್ಟೆ ಹಾಕಿ ಬಾಣಂತಿಗೆ ಕೊಟ್ಟು, ಕೇರಿಗೆಲ್ಲ ಒಂದೊಂದು ಬಟ್ಟಲು ಹಂಚುತ್ತೇವೆ. ಬಟ್ಟಲು ಹೋದ ಮನೆಗೆ ಬೇರೆ ಸುದ್ದಿ ಮುಟ್ಟಿಸಬೇಕಾಗಿಲ್ಲ.

ನನ್ನ ಸೊಸೆ ವಾನ್‌ಸಾಮಳಿಗೂ ಹಾಗೆಯೇ ಮಡಕೆ ಇಟ್ಟಿದ್ದೆ. ಎಂಟನೆಯ ತಿಂಗಳಲ್ಲಿ ಮಗು ಅಲುಗಾಡುವುದು ನಿಂತಿತು. ಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಉಸಿರಿರಲಿಲ್ಲ.

ನಾವು ಮನೆಗೆ ಬಂದಾಗ ಮಡಕೆ ಒಲೆಯ ಪಕ್ಕದಲ್ಲಿ ಇದ್ದ ಹಾಗೇ ಇತ್ತು. ಮುಚ್ಚಳ ತೆಗೆದು ನೋಡಿದೆ. ಕೆಟ್ಟಿರಲಿಲ್ಲ. ಒಲೆ ಹಚ್ಚಿ ಅವತ್ತಿನ ಕುದಿ ಕೊಟ್ಟೆ.

ಅದರ ಘಾಟು ಬಿಡುತ್ತದೆಯೇ? ಕೇರಿ ತುದಿಗೂ ಹೋಯಿತು. ನನ್ನ ಗಂಡನ ಅಕ್ಕ ಹೋಯ್‌ತಾಯ್ ಹಿಂದಿನ ಓಣಿಯಲ್ಲೇ ಇರುವವಳು. ಗಂಡ ಸತ್ತು ನಾನು ತಲೆಗೂದಲು ನರೆಸಿಕೊಂಡರೂ ಆಕೆಗೆ ನಾನಿನ್ನೂ ಹೊಸ ಮದುವಣಗಿತ್ತಿ. ಮೀನು ಪೇಟೆಯಲ್ಲಿ ಹಿಡಿದು ನಿಲ್ಲಿಸಿದಳು.

"ಇನ್ನೂ ಮಡಕೆ ಕುದಿಸ್ತಾ ಇದ್ದೀಯಂತಲ್ಲೇ? ಕೆರೆಗೆ ಸುರಿದು ಬಾ, ಪೀಡೆ ಹೋಗ್ಲಿ."

"ಶುಂಠಿ ಕೆರೆ ಮೀನಿಗೆ ಒಗ್ಗಲ್ಲ ಅತ್ತಿಗೆ."

"ತಮಾಷೆ ಸಾಕು. ಮಗುವಿಲ್ಲದ ಬಾಣಂತಿ ಎಲ್ಲಾದ್ರೂ ಉಂಟೇನೆ? ನಾಳೆ ಕೇರಿಯೋರು ಬಟ್ಟಲು ಹಿಡ್ಕೊಂಡು ಬಂದ್ರೆ ಏನಂತ ಹೇಳ್ತೀಯ?"

"ಹೆತ್ತೋಳು ಒಳಗೆ ಮಲಗಿದ್ದಾಳೆ ಅಂತ ಹೇಳ್ತೀನಿ."

ಹಾಗೆ ಹೇಳಿ ಬಂದೆನಲ್ಲ, ಮನೆಗೆ ಬಂದು ನೋಡಿದರೆ ಹೆತ್ತವಳು ಮಲಗಿರಲಿಲ್ಲ. ಮಂಚದ ಅಂಚಿಗೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಫ್ಯಾನ್ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ, ದಿನವಿಡೀ ನಿಂತು ರೆಕ್ಕೆ ಜೋಡಿಸಬೇಕು.

"ಎಲ್ಲಿಗೇ?"

"ಕೆಲಸಕ್ಕೆ ಅತ್ತೆ. ಸುಮ್ಮನೆ ಮಲಗೋಕೆ ನಾನೇನು ಹೆತ್ತಿದ್ದೀನಾ?" ಮುಖ ಎತ್ತಲಿಲ್ಲ.

ನನ್ನ ಮಗ ಪುಯ್‌ಕೀ ಬಾಗಿಲಲ್ಲಿ ನಿಂತಿದ್ದ. "ಹೋಗ್ಲಿ ಬಿಡಮ್ಮ. ನಾಲ್ಕು ಜನರ ಜೊತೆ ಇದ್ರೆ ಮನಸ್ಸು ಹಗುರಾಗತ್ತೆ. ಹೋದದ್ದು ಹೋಯ್ತು."

"ಮನಸ್ಸು ಹಗುರಾಗತ್ತೆ ಸರಿ. ಸೊಂಟ?"

ಅವನಿಗೆ ಗೊತ್ತಿಲ್ಲ. ಅವನು ಹುಟ್ಟುವ ಮೊದಲು ನನಗೂ ಒಂದು ಹೀಗೇ ಹೋಗಿತ್ತು. ಆಗ ನಾನು ರೇಷ್ಮೆ ನೂಲು ತೆಗೆಯುವಲ್ಲಿದ್ದೆ. ಕೈ ಸುಡುವ ನೀರಿನಲ್ಲಿ, ಕಾಲು ಒದ್ದೆ ನೆಲದ ಮೇಲೆ. ಮಲಗು ಎಂದು ಯಾರೂ ಹೇಳಲಿಲ್ಲ, ನಾನೂ ಮಲಗಲಿಲ್ಲ. ಈಗ ಮೋಡ ಕಟ್ಟುವ ಮೊದಲೇ ನನ್ನ ಮಂಡಿ ಮಳೆಯ ಸುದ್ದಿ ಹೇಳುತ್ತದೆ. ಅವತ್ತು ಹೊಕ್ಕ ಥಂಡಿ ಇವತ್ತಿಗೂ ಹೊರಗೆ ಬಂದಿಲ್ಲ. ಈ ಹುಡುಗಿಯ ಮೂಳೆಗೆ ಅದು ಹೊಗಬಾರದು. ಅಷ್ಟನ್ನು ನಾನು ಆಸ್ಪತ್ರೆಯ ಮೆಟ್ಟಿಲಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಬಗ್ಗಿ ಅವಳ ಬೂಟು ಬಿಚ್ಚಿದೆ. ಅತ್ತೆ ಕಾಲು ಮುಟ್ಟಿದಳಲ್ಲ ಎಂದು ಅವಳು ಗಾಬರಿಯಾಗಿ ಕಾಲು ಎಳೆದುಕೊಳ್ಳುವಷ್ಟರಲ್ಲಿ ಎರಡೂ ಬೂಟು ನನ್ನ ಕಂಕುಳಲ್ಲಿದ್ದವು. ಅಡುಗೆಮನೆಗೆ ಹೋಗಿ ಬಚ್ಚಿಟ್ಟೆ. ಪುಯ್‌ಕೀಯನ್ನು ಮೋಟಾರ್ ಸೈಕಲ್ ಹತ್ತಿಸಿ ಮಾಕ್ ವೈದ್ಯೆಯನ್ನು ಕರೆತರಲು ಕಳಿಸಿದೆ.

ಮಾಕ್ ವೈದ್ಯೆ ಗಿಡಮೂಲಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಗಸರನ್ನು ನೋಡುವವಳು. ದಪ್ಪ ಮೈ, ನಿಧಾನದ ಮಾತು. ಬಂದವಳೇ ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಕುಡಿಯುವುದಕ್ಕಲ್ಲ, ಬೆರಳು ಬೆಚ್ಚಗಾಗಲಿ ಎಂದು. ಆಮೇಲೆ ವಾನ್‌ಸಾಮಳ ಎಡ ಮಣಿಕಟ್ಟು, ಬಲ ಮಣಿಕಟ್ಟು ಹಿಡಿದು ಬಹಳ ಹೊತ್ತು ನಾಡಿ ನೋಡಿದಳು. ನಾಲಿಗೆ ನೋಡಿದಳು.

"ನಿದ್ದೆ?"

"ಬರತ್ತೆ. ಎಚ್ಚರಾಗತ್ತೆ."

"ಪಾದ?"

"ತಣ್ಣಗಿರತ್ತೆ."

"ಊಟಕ್ಕೆ ಕೂತಾಗ ಮನೇಲಿ ಯಾರು ಏನು ಮಾತಾಡ್ತಾರೆ?"

ಇದೇನು ರೋಗ ಕೇಳುವ ರೀತಿ ಎಂದು ಪುಯ್‌ಕೀ ನನ್ನ ಮುಖ ನೋಡಿದ. ವಾನ್‌ಸಾಮ್ "ಹೋದದ್ದು ಹೋಯ್ತು ಅಂತಾರೆ" ಎಂದಳು.

"ಎದೆ?"

"ಗಟ್ಟಿಯಾಗಿದೆ. ನೋಯತ್ತೆ." ಆಮೇಲೆ ಇನ್ನೂ ಮೆಲ್ಲಗೆ, "ಅಂಗಿ ಒದ್ದೆಯಾಗತ್ತೆ" ಎಂದಳು.

ಕುಡಿಯುವವರಿಲ್ಲದ ಹಾಲು. ಅವಳು ಒಳಗೆ ಬಟ್ಟೆ ಮಡಿಸಿ ಇಟ್ಟುಕೊಂಡು ಯಾರಿಗೂ ಹೇಳದೆ ಓಡಾಡುತ್ತಿದ್ದಳು. ಪುಯ್‌ಕೀ ಗೋಡೆಯ ಕಡೆ ತಿರುಗಿದ.

"ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕೊಡ್ತೀನಿ. ಚೆನ್ನಾಗಿ ಹುರಿದು ಕಷಾಯ ಮಾಡಿ ಕುಡಿಸಿ, ಹಾಲು ತಾನಾಗೇ ಹಿಂದಕ್ಕೆ ಹೋಗತ್ತೆ" ಎಂದಳು ವೈದ್ಯೆ.

"ನಾನು ಸೋಮವಾರ ಕೆಲಸಕ್ಕೆ ಹೋಗಬಹುದಾ?" ವಾನ್‌ಸಾಮ್ ಕೇಳಿದಳು.

"ಈಗಷ್ಟೇ ನಿನ್ನ ಗರ್ಭಕೋಶನ ಕೇಳ್ದೆ. ಅದಿನ್ನೂ ಹೆರಿಗೆ ಮನೇಲೇ ಇದೆಯಂತೆ." ವೈದ್ಯೆ ಅವಳ ಕೈ ಬಿಡಲಿಲ್ಲ. "ಮಗು ಅತ್ತಿತೋ ಇಲ್ವೋ ಅದಕ್ಕೆ ಗೊತ್ತಿಲ್ಲಮ್ಮ. ಹೆತ್ತ ಮೈ ಹೆತ್ತ ಮೈಯೇ. ಅದಕ್ಕೆ ಪೂರ್ತಿ ಒಂದು ತಿಂಗಳು ಬೇಕು."

ಹೊರಡುವಾಗ ಅಂಗಳದಲ್ಲಿ ನಿಂತು ನಮ್ಮಿಬ್ಬರಿಗೂ ಹೇಳಿದಳು: "ಔಷಧಿ ಅರ್ಧ ಅವಳಿಗೆ, ಅರ್ಧ ಮನೆಯೋರಿಗೆ. ಏನಪ್ಪಾ, ಅವಳು ತಣ್ಣೀರು ಮುಟ್ಟಬಾರದು, ಬಟ್ಟೆ ನೀನು ಒಗಿ. ಹೋದದ್ದು ಹೋಯ್ತು ಅನ್ನೋ ಮಾತು ಅವಳ ಮುಂದೆ ಬೇಡ. ನೀವಮ್ಮ, ಮಡಕೆಗೆ ಆತುರ ಮಾಡಬೇಡಿ. ರಕ್ತ ಹೋಗೋದು ಪೂರ್ತಿ ನಿಲ್ಲಲಿ, ಆಮೇಲೆ ಕೊಡಿ. ಜ್ವರ ಬಂದ್ರೆ, ರಕ್ತ ಜಾಸ್ತಿಯಾದ್ರೆ ನನ್ನನ್ನ ಹುಡುಕಬೇಡಿ, ಸೀದಾ ಆಸ್ಪತ್ರೆಗೆ ಓಡಿ."

ಮಗ ಬಟ್ಟೆ ಒಗೆದ. ಮೊದಲ ದಿನ ಹಿತ್ತಲಲ್ಲಿ ಕದ್ದು, ಆಮೇಲೆ ಎಲ್ಲರೂ ಬರುವ ಕೆರೆಕಟ್ಟೆಯಲ್ಲೇ. ನಾನು ಬಾರ್ಲಿ ಹುರಿದೆ, ಶುಂಠಿ ಸಿಪ್ಪೆ ಕುದಿಸಿದ ನೀರಿನಲ್ಲಿ ಅವಳ ಮೈ ಒರೆಸಿದೆ, ಕೆಂಪು ಖರ್ಜೂರದ ಗಂಜಿ ಕೊಟ್ಟೆ. ಹಾಲು ಇಳಿಯಿತು. ಆದರೆ ಕೊಟ್ಟದ್ದನ್ನು ಅವಳು ಸಾಲ ತೀರಿಸುವವರ ಹಾಗೆ ತಿನ್ನುತ್ತಿದ್ದಳು. ಮಲಗು ಎಂದರೆ ಮಲಗುತ್ತಿದ್ದಳು, ಕಣ್ಣು ಮಾತ್ರ ಬಾಗಿಲ ಮೇಲೆ. ತಲೆಗೆ ಬಟ್ಟೆ ಕಟ್ಟಿದರೆ ನಾನು ಆಚೆ ಹೋದ ಕೂಡಲೇ ತೆಗೆಯುವಳು. ಬಾಣಂತಿಯ ವೇಷ ಹಾಕಿಕೊಂಡು ಮಲಗುವುದು ಅವಳಿಗೆ ಕಳ್ಳತನದ ಹಾಗೆ ಕಾಣುತ್ತಿತ್ತು.

ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಟಪ ಟಪ ಸದ್ದಾಯಿತು. ಹೊರಗೆ ಬಂದರೆ ವಾನ್‌ಸಾಮ್ ಅಂಗಳದ ನಡುವೆ, ಹೆಗಲಿಗೆ ಚೀಲ, ಕಾಲಿಗೆ ಗಂಡನ ದೊಡ್ಡ ಚಪ್ಪಲಿ. ನಾನು ಹೋಗಿ ಗೇಟಿಗೆ ಅಡ್ಡ ನಿಂತೆ.

"ಬಿಡಿ ಅತ್ತೆ. ಎಲ್ಲರೂ ನಗ್ತಾರೆ. ತೊಟ್ಟಿಲಿಲ್ಲದ ಮನೇಲಿ ನಾನು ಯಾವ ಮುಖ ಇಟ್ಕೊಂಡು ಮಲಗ್ಲಿ?"

"ನಿನ್ನದೇ ಮುಖ ಇಟ್ಕೊಂಡು ಮಲಗು."

"ಬಿಡಿ ಅಂದ್ರೆ!"

ಅಷ್ಟು ಗಟ್ಟಿಯಾಗಿ ಅವಳು ನನ್ನೆದುರು ಮಾತಾಡಿದ್ದೇ ಇಲ್ಲ. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ, ಗೇಟಿನ ಆಚೆಯಿಂದ, ಹೋಯ್‌ತಾಯ್‌ಳ ದನಿ ಕೇಳಿತು. "ಏ, ಇವತ್ತೂ ಕುದಿಸ್ತಿದ್ದೀಯಲ್ಲೇ! ನಮ್ಮನೆ ಪರದೆಯೆಲ್ಲ ಶುಂಠಿ ನಾತ. ನೀನು ಸುರೀತೀಯೋ ಇಲ್ಲಾ ನಾನೇ ಸುರೀಲೋ?"

ನನಗೂ ಸಾಕಾಗಿತ್ತು. ಪಕ್ಕಕ್ಕೆ ಸರಿದು ಗೇಟು ಪೂರ್ತಿ ತೆರೆದೆ. "ಬನ್ನಿ ಅತ್ತಿಗೆ. ಒಲೆ ಮೇಲಿದೆ. ನಿಮ್ಮ ಕೈಯಾರೆ ಎತ್ಕೊಂಡು ಹೋಗಿ."

ಆಕೆ ಒಂದು ಹೆಜ್ಜೆ ಎತ್ತಿದಳು. ಹೊಸ್ತಿಲ ಕಲ್ಲಿನ ಮೇಲೆ ಬಂದ ಕಾಲು ತಟಕ್ಕನೆ ಹಿಂದಕ್ಕೆ ಹೋಯಿತು.

"ಅಯ್ಯಯ್ಯೋ, ನಾನ್ಯಾಕೆ ಒಳಗೆ ಬರ್ಲಿ! ನಾಳೆ ಮೊಮ್ಮಗನ ಮದುವೆಗೆ ದಿನ ಕೇಳೋಕೆ ಕೂನ್‌ಯಾಮ್ ತಾಯಿ ಗುಡಿಗೆ ಹೋಗ್ಬೇಕು. ಬಾಣಂತಿ ಮನೆ ಹೊಸ್ತಿಲು ತುಳಿದು ದೇವರೆದುರು ಹೋಗೋದುಂಟೇನೆ?"

ಹೇಳಿಯೇ ಬಿಟ್ಟಳು. ಅವಳ ಕಣ್ಣು ಅಂಗಳದಲ್ಲಿ ನಿಂತ ವಾನ್‌ಸಾಮಳ ಮೇಲೆ ಬಿತ್ತು. ಐವತ್ತು ವರ್ಷದ ಅಭ್ಯಾಸ, ಬಾಯಿ ಸುಮ್ಮನಿರುತ್ತದೆಯೇ? "ಏ ಹುಡುಗಿ! ಬರೀ ತಲೇಲಿ ಗಾಳಿಗೆ ನಿಂತಿದ್ದೀಯಲ್ಲೇ, ಬುದ್ಧಿ ಇದೆಯಾ? ಒಳಗೆ ಹೋಗು!"

ವಾನ್‌ಸಾಮ್ ಅಲುಗಲಿಲ್ಲ. "ದೊಡ್ಡತ್ತೆ, ಇದು ಯಾರ ಮನೆ ಅಂದ್ರಿ?"

"ಏನಂದೆ?"

"ಗುಡಿಗೆ ಹೋಗೋರು ತುಳೀಬಾರದ್ದು ಯಾರ ಮನೆ ಅಂದ್ರಿ? ಇನ್ನೊಂದ್ಸಲ ಹೇಳಿ."

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಸಹಾಯಕ್ಕೆ ಹೋಗಲಿಲ್ಲ.

"ಬಾಣಂತಿ ಮನೆ ಅಂದೆ" ಎಂದಳು ಕೊನೆಗೆ, ಸಿಟ್ಟಿನಲ್ಲೇ. "ಮೈಲಿಗೆ ಅಂದ್ರೆ ಮೈಲಿಗೇನೇ. ಮತ್ತೇನನ್ಲಿ?"

ವಾನ್‌ಸಾಮ್ ಚೀಲ ಕೆಳಗಿಟ್ಟಳು. ಗಂಡನ ಚಪ್ಪಲಿಯನ್ನು ಒಂದರ ಪಕ್ಕ ಒಂದು ಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನಾನು ಇಣುಕಿದಾಗ ತಲೆಗೆ ತಾನೇ ಬಟ್ಟೆ ಬಿಗಿದು ಕಟ್ಟಿಕೊಂಡು, ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು. ಅಳುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ತಡೆಯಬೇಡಿ, ಬಂದಾಗ ಬರಲಿ ಎಂದು ವೈದ್ಯೆ ಹೇಳಿದ್ದಳು. ಬಾಗಿಲು ಮುಂದೆ ಮಾಡಿ ಒಲೆಯ ಹತ್ತಿರ ಹೋದೆ.

ರಕ್ತ ಪೂರ್ತಿ ನಿಂತ ಮೇಲೆ ಮಡಕೆಗೆ ಹಂದಿಕಾಲು, ಮೊಟ್ಟೆ ಬಿದ್ದವು. ಮೊದಲ ಬಟ್ಟಲು ಅವಳಿಗೆ. ಮೊಟ್ಟೆ ಕಚ್ಚಿ, ರಸ ಕುಡಿದು, ಬಟ್ಟಲು ಮುಂದೆ ಚಾಚಿದಳು. "ಇನ್ನೊಂದು. ಆಮೇಲೆ, ಅತ್ತೆ, ಕೇರಿಗೆ ಹಂಚಲ್ವಾ?"

"ಹಂಚ್ಲಾ?"

"ಹಂಚಿ. ಕೇಳಿದ್ರೆ ಹೆಣ್ಣು ಅಂತ ಹೇಳಿ."

ಮನೆಮನೆಗೆ ಹೋದೆ. ಕೆಲವರು ಬಟ್ಟಲು ನೋಡಿ ಕಕ್ಕಾಬಿಕ್ಕಿಯಾದರು. "ಹೆಣ್ಣು ಮಗು. ಉಳೀಲಿಲ್ಲ. ಸೊಸೆ ಬಾಣಂತಿ" ಎಂದಷ್ಟೇ ಹೇಳಿದೆ. ಬೇಡ ಎಂದವರು ಒಬ್ಬರೇ. ಅವರ ಪಾಲನ್ನು ಪುಯ್‌ಕೀ ತಿಂದ. ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಇಲ್ಲವಲ್ಲ, ಒಬ್ಬಳು ಹುರಿದ ಎಳ್ಳು, ಇನ್ನೊಬ್ಬಳು ಉಣ್ಣೆಯ ಕಾಲುಚೀಲ ಹಾಕಿ ಕಳಿಸಿದಳು. ಹೋಯ್‌ತಾಯ್ ಮಾತ್ರ ತಾನೇ ಬಂದು, ಬಾತುಮೊಟ್ಟೆ ತುಂಬಿದ ಬಟ್ಟಲನ್ನು ಗೇಟಿನ ಆಚೆಯ ಕಟ್ಟೆಯ ಮೇಲಿಟ್ಟು ಕೂಗಿದಳು. "ಹುಳಿ ಸಾಲದು ಕಣೇ! ಇನ್ನೂ ಸ್ವಲ್ಪ ವಿನೆಗರ್ ಹಾಕು. ಅವಳಿಗೆ ಥಂಡಿ ಹೊಡೆದೀತು!"

ತಿಂಗಳು ತುಂಬಿದ ದಿನ ವಾನ್‌ಸಾಮ್ ತಲೆ ತೊಳೆದುಕೊಂಡು, ಕೂದಲು ಒಣಗಿಸಿ, ಅಡುಗೆಮನೆಗೆ ಬಂದು ನಿಂತಳು. ಪಾದ ಮುಟ್ಟಿ ನೋಡಿದೆ, ಬೆಚ್ಚಗಿತ್ತು.

"ಈಗ ಕೊಡ್ತೀರಾ ನನ್ನ ಬೂಟು?"

ಅಕ್ಕಿ ಡ್ರಮ್ಮಿಗೆ ಕೈ ಹಾಕಿ ತಳದಿಂದ ಎಳೆದು ಕೊಟ್ಟೆ. ಅವಳು ಬೂಟನ್ನು ಬೋರಲು ಮಾಡಿದಳು. ಅಕ್ಕಿ ಕಾಳು ಸುರಿದವು.

"ಅತ್ತೆ! ತಿಂಗಳೆಲ್ಲ ಈ ಅಕ್ಕಿ ಗಂಜೀನೇ ಕುಡಿಸಿದ್ರಾ ನಂಗೆ?"

"ತೊಳೆದೇ ಬೇಯಿಸಿದ್ದು ಕಣೇ."

ಅವಳು ನೆಲದ ಮೇಲಿನ ಕಾಳನ್ನು ಒಂದೂ ಬಿಡದೆ ಆರಿಸಿ ಡ್ರಮ್ಮಿಗೆ ಹಾಕಿದಳು. ಆಮೇಲೆ ಕೂತು ಬೂಟಿನ ದಾರ ಕಟ್ಟಿದಳು.