ಕೋ ತಾತ ವಾಪಸ್ ತಂದ ಸಾಮಾನು

ನಮ್ಮ ಅಂಗಡಿಯಲ್ಲಿ ಬೈಸಿಕೊಳ್ಳುವುದಕ್ಕೆಂದೇ ಸಂಬಳ ಪಡೆಯುವವಳು ನಾನೊಬ್ಬಳೇ. ಜಿಯಾಯಿ ಊರಿನ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಮನೆಸಾಮಾನಿನ ಅಂಗಡಿ, ಅದರಲ್ಲಿ ವಾಪಸಾತಿ ಕೌಂಟರ್ ನನ್ನದು. ಹಿಡಿ ಮುರಿದ ಬಾಣಲೆ, ಅಳತೆ ತಪ್ಪಿದ ಚಾಪೆ, ಗಂಡನಿಗೆ ಹಿಡಿಸದ ಪರದೆ, ಎಲ್ಲವೂ ಬಂದು ಬೀಳುವುದು ನನ್ನ ಮುಂದೆಯೇ. ಮಧ್ಯಾಹ್ನ ಟರ್ಕಿ ಕೋಳಿ ಅನ್ನದ ಡಬ್ಬಿ ಬಿಚ್ಚಿಕೊಂಡು ಒಬ್ಬಳೇ ಕೂರುತ್ತೇನೆ. ಮನೆಗೆ ಹೋದರೂ ಒಬ್ಬಳೇ. ಹೋಗಲಿ ಬಿಡಿ, ಕಥೆ ನನ್ನದಲ್ಲ.

ನನ್ನ ಎದುರಿನ ಗಲ್ಲಾದಲ್ಲಿ ಪೇ-ರೋಂಗ್ ಎಂಬ ಹುಡುಗಿ ಕೂರುತ್ತಿದ್ದಳು. ದಿನಾ ಸಂಜೆ ಅವಳ ಸಾಲಿಗೇ ಕೋ ತಾತ ಬಂದು ನಿಲ್ಲುತ್ತಿದ್ದರು. ಹಿಂದೆ ಸಕ್ಕರೆ ಕಾರ್ಖಾನೆಯ ಕಬ್ಬಿನ ರೈಲು ಓಡಿಸುತ್ತಿದ್ದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ನೂಡಲ್ ಅಂಗಡಿಯ ಮೇಲೊಂದು ಬಾಡಿಗೆ ಕೋಣೆ. ಪಕ್ಕದ ಗಲ್ಲಾ ಖಾಲಿ ಇದ್ದರೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಸೌಟು, ಇನ್ನೊಂದು ದಿನ ಚಪ್ಪಲಿ, ಮತ್ತೊಂದು ದಿನ ಸೋಪಿನ ತಟ್ಟೆ.

"ತಾತ, ಮತ್ತೆ ಸೌಟಾ? ಮನೇಲಿ ಮದುವೆ ಗಿದುವೆ ಇದ್ಯಾ?" ಎನ್ನುತ್ತಿದ್ದಳು ಅವಳು.

"ಇದೆಯಮ್ಮಾ, ನಂದೇ. ಹುಡುಗಿ ಸಿಗ್ತಿಲ್ಲ ಅಷ್ಟೇ."

ಇಬ್ಬರೂ ನಗುತ್ತಿದ್ದರು. ಹಿಂದೆ ನಿಂತವರು ಗೊಣಗಿದರೂ ತಾತ ಜಗ್ಗುತ್ತಿರಲಿಲ್ಲ. ಹೊರಡುವಾಗ ರಸೀದಿಯನ್ನು ಅವಳ ಕೈಗೇ ತುರುಕಿ, "ಬಹುಮಾನ ಬಂದ್ರೆ ನಿಂದೇ" ಎನ್ನುತ್ತಿದ್ದರು. ನಮ್ಮಲ್ಲಿ ರಸೀದಿ ಎಂದರೆ ಲಾಟರಿ ಚೀಟಿಯೂ ಹೌದು, ಎರಡು ತಿಂಗಳಿಗೊಮ್ಮೆ ಸರ್ಕಾರ ನಂಬರು ಎತ್ತುತ್ತದೆ. ತಮಗೆ ಬೇಕಾದವರಿಗೆ ರಸೀದಿ ಕೊಟ್ಟುಬಿಡುವುದು ಒಂದು ಪ್ರೀತಿ. ನನಗೆ ಇಷ್ಟು ವರ್ಷದಲ್ಲಿ ಒಬ್ಬರೂ ಕೊಟ್ಟಿಲ್ಲ. ಸುಳ್ಳೇಕೆ ಹೇಳಲಿ, ನೋಡಿ ಹೊಟ್ಟೆ ಉರಿಯುತ್ತಿತ್ತು.

ದಾಸ್ತಾನು ಎಣಿಸುವ ದಿನ ಮ್ಯಾನೇಜರ್ ಜೆಂಗ್ ಮುಖ ಊದಿಸಿಕೊಂಡು ಬಂದ. ಚಿಲ್ಲರೆ ಸಾಮಾನಿನ ವಾಪಸಾತಿಯನ್ನು ಗಲ್ಲಾದವರೇ ಮಾಡಿ, ದುಡ್ಡು ಕೊಟ್ಟು, ಸಾಮಾನನ್ನು ನನ್ನ ಬುಟ್ಟಿಗೆ ಹಾಕಬೇಕು. ಕಂಪ್ಯೂಟರಿನ ಪ್ರಕಾರ ಸೌಟು, ಚಪ್ಪಲಿ, ಸೋಪಿನ ತಟ್ಟೆ ಎಲ್ಲ ವಾಪಸ್ ಬಂದಿದ್ದವು. ಬುಟ್ಟಿಯಲ್ಲಿ ಒಂದೂ ಇರಲಿಲ್ಲ.

"ಫಾಂಗ್ ಅಕ್ಕ, ಬುಟ್ಟಿ ನಿಮ್ದು. ಸಾಮಾನು ಎಲ್ಲಿ?"

"ನಾನು ತಿಂದ್ಬಿಟ್ಟೆ! ಸೋಪಿನ ತಟ್ಟೆ ಅಂದ್ರೆ ನಂಗೆ ಪ್ರಾಣ!" ಎಂದು ರೇಗಿದೆ. ಅಷ್ಟೂ ವಾಪಸಾತಿ ಪೇ-ರೋಂಗಳ ಗಲ್ಲಾದಲ್ಲೇ ಆಗಿತ್ತು, ಆ ವಾಪಸಾತಿ ಚೀಟಿಗಳಿಗೆಲ್ಲ ಅಂಟಿಸಿದ್ದ ರಸೀದಿ ಕೋ ತಾತನದೇ. ನನಗೆ ಅವಳ ಆಟ ಅಲ್ಲೇ ಹೊಳೆಯಿತು. ಅಸಲಿ ರಸೀದಿ ಕೈಯಲ್ಲಿದ್ದರೆ ಸಾಕಲ್ಲ! ಗಿರಾಕಿಯೂ ಬೇಡ, ಸಾಮಾನೂ ಬೇಡ. ವಾಪಸ್ ಬಂತೆಂದು ಒತ್ತುವುದು, ಅವರ ಹೆಸರು ಗೀಚುವುದು, ಗಲ್ಲಾದ ದುಡ್ಡು ಜೇಬಿಗೆ ಇಳಿಸುವುದು.

ಪೇ-ರೋಂಗ್ ಮಾತ್ರ, "ತಾತಾನೇ ತಂದು ಕೊಟ್ರು, ನಾನು ಬುಟ್ಟಿಗೆ ಹಾಕ್ದೆ" ಎಂದು ಪಟ್ಟು ಹಿಡಿದಳು.

ಜೆಂಗ್ ನನ್ನ ಕೈಯಲ್ಲೇ ತಾತನಿಗೆ ಫೋನು ಮಾಡಿಸಿದ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿಸಿದ.

"ತಾತ, ನೀವು ಸೌಟು, ಚಪ್ಪಲಿ ಎಲ್ಲಾ ವಾಪಸ್ ಕೊಟ್ಟಿದ್ದೀರಾ?"

ತಾತ ನನ್ನನ್ನೇ ತಿರುಗಿ ಕೇಳಿದರು. "ಆ ಹುಡುಗಿಗೆ ಏನಾದ್ರೂ ತೊಂದ್ರೆ ಆಯ್ತಾ?"

"ಕೊಟ್ರಾ ಇಲ್ವಾ, ಅದು ಹೇಳಿ."

"ಕೊಟ್ಟೆ. ಎಲ್ಲಾ ಕೊಟ್ಟೆ. ಯಾವುದೂ ಸರಿ ಬರ್ಲಿಲ್ಲ."

"ಸಾಮಾನು ಅಂಗಡೀಲಿ ಇಲ್ಲ ತಾತ," ಎಂದು ಜೆಂಗ್ ನಡುವೆ ಬಾಯಿ ಹಾಕಿದ. "ಅದು ಸಿಗೋವರೆಗೆ ಯಾರನ್ನೂ ಬಿಡೋ ಹಾಗಿಲ್ಲ."

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ತಾತ ಕೊಟ್ಟೆ ಎಂದ ಮೇಲೆ ಸಾಮಾನು ಕಳೆದದ್ದು ನನ್ನ ಬುಟ್ಟಿಯಿಂದಲೇ ಎಂದಾಯಿತು. ಒಂದು ಪೈಸೆ ಮುಟ್ಟದ ನಾನು ಕಳ್ಳಿಯಾಗಿದ್ದೆ, ಇಡೀ ಊರಲ್ಲಿ ಫೋನು ಮಾಡಿ ಅಳೋಣವೆಂದರೆ ಒಂದು ಹೆಸರೂ ನೆನಪಾಗಲಿಲ್ಲ.

ಮಾರನೆಯ ದಿನ ಬಾಗಿಲು ತೆಗೆಯುತ್ತಲೇ ಕೋ ತಾತ ಬಂದರು, ತರಕಾರಿ ತರುವ ಚಕ್ರದ ಚೀಲ ಎಳೆದುಕೊಂಡು. ಗಲ್ಲಾದ ಮುಂದೆ ಬಗ್ಗಿ ಒಂದೊಂದನ್ನೇ ತೆಗೆದು ಇಟ್ಟರು. ಸೌಟುಗಳು, ಚಪ್ಪಲಿ, ಸೋಪಿನ ತಟ್ಟೆಗಳು, ದಿಂಬಿನ ಚೀಲ. ಯಾವುದರ ಹೊದಿಕೆಯೂ ಹರಿದಿರಲಿಲ್ಲ, ಬೆಲೆಯ ಚೀಟಿಯೂ ಹಾಗೇ ಇತ್ತು. ಮುಖದಲ್ಲಿ ಗೆದ್ದು ಬಂದ ಕಳೆ.

"ತಗೊಳ್ಳಿ ಮ್ಯಾನೇಜರೇ, ಎಲ್ಲಾ ಇದೆ, ಲೆಕ್ಕ ಹಾಕ್ಕೊಳ್ಳಿ. ಅಂಗಡಿಗೆ ನಷ್ಟ ಇಲ್ಲ ತಾನೇ? ಇನ್ನು ಹುಡುಗೀನ ಬಿಟ್ಬಿಡಿ."

ಜೆಂಗ್ ಸಾಮಾನು ನೋಡಿದ, ಪೇ-ರೋಂಗಳನ್ನು ನೋಡಿದ. ವಾಪಸ್ ಬಂತೆಂದು ಅವಳು ಒತ್ತಿದ್ದ ಸಾಮಾನು ಇಷ್ಟು ದಿನ ತಾತನ ಕೋಣೆಯಲ್ಲೇ ಇತ್ತು ಎಂದ ಮೇಲೆ ಇನ್ನೇನು ಕೇಳುವುದಿತ್ತು? ಅವಳು ತಾತನ ಮೇಲೆ ಹರಿಹಾಯ್ದಳು.

"ಯಾರು ತರೋಕೆ ಹೇಳಿದ್ರು ನಿಮ್ಗೆ? ಸುಮ್ನೆ ಮನೇಲಿ ಬಿದ್ದಿರೋಕೆ ಆಗ್ಲಿಲ್ವಾ? ಮುಗಿಸಿಬಿಟ್ರಲ್ಲಾ ನನ್ನ!"

"ನಿಂಗೋಸ್ಕರಾನೇ ತಂದೆ ಕಣಮ್ಮಾ..."

ಅವಳು ತಿರುಗಿಯೂ ನೋಡದೆ ಜೆಂಗನ ಹಿಂದೆ ಆಫೀಸಿನೊಳಗೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ಚೀಲ ಹೆಗಲಿಗೇರಿಸಿಕೊಂಡು ಹಿಂಬಾಗಿಲಿನಿಂದ ಹೊರಟುಹೋದಳು. ನನ್ನ ಮೇಲಿನ ಕಳಂಕ ಕಳೆಯಿತೆಂದು ಕುಣಿಯಬೇಕಿತ್ತು ನಾನು. ಅಯ್ಯೋ, ಆ ಮುದುಕರ ಮುಖ ನೋಡಿ ನನಗೆ ಅಳು ಬಂತು. ಕುರ್ಚಿ ತಂದು ಕೂರಿಸಿದೆ.

"ಅವಳು ನಿಮ್ಗೆ ಮೋಸ ಮಾಡಿದ್ಲು ತಾತ. ನಿಮ್ಮ ರಸೀದಿ ಇಟ್ಕೊಂಡೇ ದುಡ್ಡು ಹೊಡೀತಿದ್ಲು."

"ಗೊತ್ತಿತ್ತಮ್ಮಾ. ಕೊಂಡಾಗ ನನ್ನ ಸದಸ್ಯರ ಕಾರ್ಡಿಗೆ ಏರಿದ ಪಾಯಿಂಟು, ಅವಳು ವಾಪಸ್ ಅಂತ ಒತ್ತಿದ ಕೂಡ್ಲೇ ಇಳಿದೋಗ್ತಿತ್ತು. ಅಷ್ಟೂ ಗೊತ್ತಾಗಲ್ವಾ ನಂಗೆ?"

"ಗೊತ್ತಿದ್ದೂ ಕೊಡ್ತಿದ್ರಾ?"

"ಆ ರಸೀದಿಗೋಸ್ಕರ ಆದ್ರೂ ಅವಳು ನಾನು ಬರೋ ದಾರಿ ಕಾಯ್ತಿದ್ಲು," ಎಂದರು ತಾತ. "ನನ್ನ ದಾರಿ ಕಾಯೋರು ಇನ್ಯಾರಿದ್ರು?"

"ಇನ್ಮೇಲೆ ನನ್ನ ಕೌಂಟರಿಗೆ ಬನ್ನಿ ತಾತ. ದಿನಾ ಬನ್ನಿ. ನಾನು ಇಲ್ಲೇ ಇರ್ತೀನಿ," ಎಂದೆ. ಹೇಳುವಾಗ ನನ್ನ ದನಿ ನನಗೇ ಬೇಡುವವಳ ದನಿಯಂತೆ ಕೇಳಿಸಿತು.

ಅವರು ಎದ್ದು, ಖಾಲಿ ಚೀಲದ ಹಿಡಿ ಹಿಡಿದುಕೊಂಡರು.

"ನಿಮ್ಮ ಹತ್ರ ಬಂದು ಏನು ವಾಪಸ್ ಕೊಡ್ಲಮ್ಮಾ? ಇದ್ದಿದ್ದನ್ನೆಲ್ಲಾ ಕೊಟ್ಟಾಯ್ತಲ್ಲ."